ಪ್ರಾಥಮಿಕ ಶಾಲೆಗೆ ಮಗುವಿಗೊಂದು ಟ್ಯಾಬ್ ಕೊಳ್ಳಬೇಕೇ, ಕೋಣೆಗೊಂದು ಸ್ಮಾರ್ಟ್ ಬೋರ್ಡ್ ಕೊಳ್ಳಬೇಕೇ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ: ಒಂದರಿಂದ ಐದನೇ ತರಗತಿಯವರೆಗಿನ ಶಾಲೆ, ತರಗತಿಗೆ ಸುಮಾರು 30 ಮಕ್ಕಳು. ದಾನಿಗಳಿಂದ ಹಣ ಬಂದಿದೆ, ಮೂರು ತಿಂಗಳಲ್ಲಿ ಖರ್ಚಿನ ಲೆಕ್ಕ ಒಪ್ಪಿಸಬೇಕು. ಸಮಿತಿಯಲ್ಲಿ ಒಂದು ಬಣ ಮಗುವಿಗೊಂದು ಟ್ಯಾಬ್ ಎನ್ನುತ್ತಿದೆ, ಇನ್ನೊಂದು ಬಣ ಕೋಣೆಗೊಂದು ಸ್ಮಾರ್ಟ್ ಬೋರ್ಡ್ ಎನ್ನುತ್ತಿದೆ. ಹತ್ತು ಹಳೆಯ ಕಂಪ್ಯೂಟರ್‌ಗಳು ಮೂಲೆ ಸೇರಿವೆ, ಅವುಗಳನ್ನು ಏನು ಮಾಡುವುದೆಂದೂ ಕೇಳಿದ್ದೀರಿ.

ಶಾಲೆಗಳಿಗೆ ಇಂಥ ಸಾಮಗ್ರಿ ಕೊಡಿಸುವುದು ಮತ್ತು ಆಮೇಲೆ ಅದನ್ನು ನೋಡಿಕೊಳ್ಳುವುದು ನನ್ನ ಉದ್ಯೋಗ. ನನ್ನ ಸಲಹೆ ಎರಡೂ ಬಣಗಳಿಗೆ ರುಚಿಸಲಿಕ್ಕಿಲ್ಲ. ಬೇಗ ಹಳತಾಗುವ ವಸ್ತುಗಳನ್ನು ಕೊನೆಗೆ, ಕಡಿಮೆ ಸಂಖ್ಯೆಯಲ್ಲಿ ಕೊಳ್ಳಿ. ಹಳತಾಗದ ವಸ್ತುಗಳನ್ನು ಈಗಲೇ, ಧಾರಾಳವಾಗಿ ಕೊಳ್ಳಿ. ಉದ್ಘಾಟನೆಯ ಫೋಟೋದಲ್ಲಿ ಇದು ಚೆನ್ನಾಗಿ ಕಾಣುವುದಿಲ್ಲ ಎಂಬುದು ನನಗೂ ಗೊತ್ತು.

ದರಪಟ್ಟಿ ತರಿಸುವ ಮುನ್ನ ಪ್ರತಿಯೊಬ್ಬ ಶಿಕ್ಷಕರಿಗೂ ಒಂದು ಹಾಳೆ ಕೊಡಿ. ಯಾವ ತರಗತಿ, ಯಾವ ಪಾಠ, ಆ ಹೊತ್ತಿನಲ್ಲಿ ಮಗುವಿನ ಕೈಗಳು ಏನು ಮಾಡುತ್ತಿರುತ್ತವೆ ಎಂದು ಬರೆಸಿ. ‘ಡಿಜಿಟಲ್ ಕಲಿಕೆಗೆ’ ಎಂದು ಬರೆದ ಹಾಳೆಯನ್ನು ಮರ್ಯಾದೆಯಿಂದಲೇ ವಾಪಸು ಕಳುಹಿಸಿ. ನಿಮಗೆ ಬೇಕಾದ ಉತ್ತರಗಳು ಬೇರೆ ಥರದವು. ನಾಲ್ಕನೇ ತರಗತಿಯವರು ತಾವೇ ಬರೆದ ಕಥೆಯನ್ನು ಟೈಪ್ ಮಾಡಿ ತಿದ್ದುತ್ತಾರೆ ಎಂದರೆ ಕೀಲಿಮಣೆ ಬೇಕು, ಟ್ಯಾಬ್ ಸಾಲದು. ಎರಡನೇ ತರಗತಿಯವರು ಗಟ್ಟಿಯಾಗಿ ಓದಿ, ಅದನ್ನು ರೆಕಾರ್ಡ್ ಮಾಡಿ ಕೇಳಿಸಿಕೊಳ್ಳುತ್ತಾರೆ ಎಂದರೆ ನಾಲ್ಕೈದು ಮಕ್ಕಳಿಗೊಂದು ಟ್ಯಾಬ್ ಧಾರಾಳವಾಯಿತು. ಮಿಡತೆಯ ಕಾಲನ್ನು ಇಡೀ ತರಗತಿಗೆ ದೊಡ್ಡದಾಗಿ ತೋರಿಸಬೇಕು ಎಂದರೆ ಮಕ್ಕಳ ಕೈಗೆ ಏನೂ ಬೇಡ, ಶಿಕ್ಷಕರ ಮೇಜಿನ ಮೇಲೊಂದು ಕ್ಯಾಮೆರಾ ಸಾಕು. ಹಾಳೆಗಳೆಲ್ಲ ಕೈಸೇರಿದಾಗ ಸಮಿತಿಯ ಜಗಳದ ಮುಕ್ಕಾಲು ಭಾಗ ತಾನಾಗಿಯೇ ಕರಗಿರುತ್ತದೆ.

ಮಗುವಿಗೊಂದು ಯಂತ್ರ ಎಂಬ ವಾದಕ್ಕೆ ಬರೋಣ. ದಿನಕ್ಕೆ ಎಂಟು ಪೀರಿಯಡ್, ವಾರಕ್ಕೆ ಐದು ದಿನ ಎಂದು ಹಿಡಿದರೆ ವಾರಕ್ಕೆ 40 ಪೀರಿಯಡ್. ಇಡೀ ಶಾಲೆಗೆ 30 ಯಂತ್ರಗಳ ಒಂದೇ ಒಂದು ಸೆಟ್ ಇದ್ದರೂ ಪ್ರತಿ ತರಗತಿಗೆ ವಾರಕ್ಕೆ ಎಂಟು ಪೀರಿಯಡ್ ಸಿಗುತ್ತವೆ. ಒಂದರಿಂದ ಐದರವರೆಗಿನ ಮಕ್ಕಳು ವಾರಕ್ಕೆ ಎಂಟು ಪೀರಿಯಡ್ ಪರದೆ ನೋಡಬೇಕೆಂದು ನಿಮ್ಮ ಶಿಕ್ಷಕರಲ್ಲಿ ಎಷ್ಟು ಮಂದಿ ಬಯಸುತ್ತಾರೆ, ಕೇಳಿ ನೋಡಿ.

ಇದು ನನ್ನೊಬ್ಬನ ಹಟವಲ್ಲ. 2005ರಲ್ಲಿ ಅಮೆರಿಕದ ತಂತ್ರಜ್ಞಾನ ತಜ್ಞ ನಿಕೊಲಸ್ ನೆಗ್ರೊಪಾಂಟೆ ಘೋಷಿಸಿದ ‘ಮಗುವಿಗೊಂದು ಲ್ಯಾಪ್‌ಟಾಪ್’ ಯೋಜನೆಯನ್ನು ಪೆರು ದೇಶ ದೊಡ್ಡ ಪ್ರಮಾಣದಲ್ಲಿ ಅಳವಡಿಸಿಕೊಂಡಿತು. ಅಲ್ಲಿನ 319 ಗ್ರಾಮೀಣ ಪ್ರಾಥಮಿಕ ಶಾಲೆಗಳನ್ನು ಅಂತರ್ ಅಮೆರಿಕನ್ ಅಭಿವೃದ್ಧಿ ಬ್ಯಾಂಕಿನ ಸಂಶೋಧಕರು ಅಧ್ಯಯನ ಮಾಡಿ 2012ರಲ್ಲಿ ವರದಿ ಕೊಟ್ಟರು. ಕಂಪ್ಯೂಟರ್ ಬಳಕೆ ಭರ್ಜರಿಯಾಗಿ ಹೆಚ್ಚಿತ್ತು. ಗಣಿತ ಮತ್ತು ಭಾಷೆಯ ಅಂಕಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇನ್ನೊಂದು ಉದಾಹರಣೆ ಅಮೆರಿಕದ ಲಾಸ್ ಏಂಜಲೀಸ್‌ನದು. ಅಲ್ಲಿನ ಶಾಲಾ ಜಿಲ್ಲೆ 2013ರಲ್ಲಿ ಎಲ್ಲ ವಿದ್ಯಾರ್ಥಿಗಳಿಗೂ ಐಪ್ಯಾಡ್ ಕೊಡಲು ಹೊರಟಿತು. ಯಂತ್ರಗಳನ್ನು ಹಂಚಿದ ಕೆಲವೇ ವಾರಗಳಲ್ಲಿ ವಿದ್ಯಾರ್ಥಿಗಳು ಅದರ ನಿರ್ಬಂಧಗಳನ್ನು ದಾಟಿಬಿಟ್ಟರು, ಮರುವರ್ಷ ಒಪ್ಪಂದವನ್ನೇ ನಿಲ್ಲಿಸಬೇಕಾಯಿತು. ಎರಡೂ ಕಡೆ ಯಂತ್ರಗಳು ಕೆಟ್ಟವಾಗಿರಲಿಲ್ಲ. ಅವುಗಳನ್ನು ಇಟ್ಟುಕೊಂಡು ಏನು ಪಾಠ ಮಾಡುವುದು, ಯಾರು ನೋಡಿಕೊಳ್ಳುವುದು ಎಂಬುದಕ್ಕಿಂತ ಮೊದಲೇ ಪೆಟ್ಟಿಗೆಗಳು ಬಂದಿಳಿದಿದ್ದವು.

ವಯಸ್ಸಿನ ವಿಷಯ ಬಹಳ ಮುಖ್ಯ, ಆದರೆ ಮಾರಾಟಗಾರರು ಇದನ್ನು ಎತ್ತುವುದೇ ಇಲ್ಲ. ಒಂದನೇ ತರಗತಿಯ ಮಗು ಲ್ಯಾಪ್‌ಟಾಪ್‌ನಲ್ಲಿ ಪಾಸ್‌ವರ್ಡ್ ಹಾಕುವುದನ್ನು ಒಮ್ಮೆ ಹತ್ತಿರ ನಿಂತು ನೋಡಿ. ಚೀಟಿಯಲ್ಲಿ ಇಂಗ್ಲಿಷಿನ ಸಣ್ಣ ಅಕ್ಷರ ಬರೆದಿರುತ್ತದೆ, ಕೀಲಿಗಳ ಮೇಲೆ ದೊಡ್ಡ ಅಕ್ಷರ ಅಚ್ಚಾಗಿರುತ್ತದೆ. ಮಗು ಚೀಟಿ ನೋಡುತ್ತದೆ, ಕೀಲಿಮಣೆಯ ಉದ್ದಕ್ಕೂ ಬೆರಳು ಆಡಿಸುತ್ತದೆ, ಒಂದು ಕೀಲಿಯನ್ನು ಅಮುಕಿ ಹಿಡಿಯುತ್ತದೆ, ಪೆಟ್ಟಿಗೆಯಲ್ಲಿ ಸಾಲುಸಾಲಾಗಿ ಚುಕ್ಕಿಗಳು ಮೂಡುತ್ತವೆ. ಟೀಚರ್ ಎಂದು ಕೈ ಎತ್ತುತ್ತದೆ. ಅಷ್ಟರಲ್ಲಿ ಇನ್ನೂ ಹದಿನೈದು ಕೈಗಳು ಮೇಲೆದ್ದಿರುತ್ತವೆ. 40 ನಿಮಿಷದ ಪೀರಿಯಡ್‌ನಲ್ಲಿ ಯಂತ್ರ ಹಂಚಲು ಐದು ನಿಮಿಷ, ಒಳಹೋಗಲು ಹತ್ತು, ಮರಳಿ ಜೋಡಿಸಿಡಲು ಐದು ಎಂದರೆ ಪಾಠಕ್ಕೆ ಅರ್ಧ ಪೀರಿಯಡ್ ಉಳಿಯಿತು. ಆದ್ದರಿಂದ ಒಂದು ಮತ್ತು ಎರಡನೇ ತರಗತಿಗೆ ಟ್ಯಾಬ್‌ಗಳೇ ಸರಿ. ಅದರಲ್ಲೂ ಪಾಸ್‌ವರ್ಡ್ ಬದಲು ಕ್ಯುಆರ್ ಕಾರ್ಡ್ ತೋರಿಸಿ ಅಥವಾ ಚಿತ್ರ ಆರಿಸಿ ಒಳಹೋಗುವ ವ್ಯವಸ್ಥೆ ಇರಬೇಕು. ಏಳೆಂಟು ಟ್ಯಾಬ್‌ಗಳಿದ್ದರೆ ಒಂದು ಗುಂಪು ಅದರಲ್ಲಿ ಕೆಲಸ ಮಾಡುವಾಗ ಉಳಿದ ಗುಂಪುಗಳು ಬರೆಯುತ್ತವೆ, ಕತ್ತರಿಸುತ್ತವೆ, ಅಂಟಿಸುತ್ತವೆ. ಮೂರನೇ ತರಗತಿಯಿಂದ ಮೇಲಕ್ಕೆ ನಿಜವಾದ ಕೀಲಿಮಣೆ ಇರುವ ಲ್ಯಾಪ್‌ಟಾಪ್ ಕೊಡಿ. ಬೋಧನೆಯ ಭಾಷೆಯಲ್ಲಿ ಟೈಪ್ ಮಾಡಲು ಬರುತ್ತದೆಯೇ, ಅಕ್ಷರಗಳು ಒಡೆಯದೆ ಮೂಡುತ್ತವೆಯೇ ಎಂದು ಕೊಳ್ಳುವ ಮೊದಲೇ ಪರೀಕ್ಷಿಸಿ.

ತಂತ್ರಾಂಶಕ್ಕೆ ದೊಡ್ಡ ಮೊತ್ತ ಎತ್ತಿಡಬೇಡಿ. ಐದರಿಂದ ಏಳು ವರ್ಷದವರಿಗೆಂದೇ ಮಾಡಿದ ಸ್ಕ್ರಾಚ್ ಜೂನಿಯರ್, ಚಿತ್ರ ಬಿಡಿಸಲು ಟಕ್ಸ್ ಪೇಂಟ್, ಹತ್ತು ವರ್ಷದವರೆಗಿನ ಮಕ್ಕಳಿಗೆ ಹತ್ತಾರು ಚಟುವಟಿಕೆಗಳಿರುವ ಜಿಕಾಂಪ್ರಿ, ಇವೆಲ್ಲ ಉಚಿತ ಮತ್ತು ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತವೆ. ವರ್ಷವರ್ಷ ಚಂದಾ ಕಟ್ಟಬೇಕಾದ ‘ಸಂಪೂರ್ಣ ಪಠ್ಯ ಪ್ಯಾಕೇಜ್’ ತೋರಿಸಲು ಬಂದವರಿಗೆ, ಚಂದಾ ನಿಲ್ಲಿಸಿದ ಮರುದಿನ ನಮ್ಮ ಬಳಿ ಏನು ಉಳಿಯುತ್ತದೆ ಎಂದು ಕೇಳಿ.

ಇನ್ನು ಸ್ಮಾರ್ಟ್ ಬೋರ್ಡ್. ಕೋಣೆಗೊಂದು ದೊಡ್ಡ ಪರದೆ ಇರಬೇಕು ಎಂಬುದನ್ನು ನಾನು ಒಪ್ಪುತ್ತೇನೆ. ಅದು ಮುಟ್ಟಿದರೆ ಕೆಲಸ ಮಾಡುವ ಪರದೆಯೇ ಆಗಬೇಕೆಂಬುದನ್ನು ಒಪ್ಪುವುದಿಲ್ಲ. ನಾನು ನೋಡಿದ ಬಹುತೇಕ ತರಗತಿಗಳಲ್ಲಿ ಸ್ಮಾರ್ಟ್ ಬೋರ್ಡ್ ದುಬಾರಿ ಟಿವಿಯಾಗಿ ಬಳಕೆಯಾಗುತ್ತಿತ್ತು. ಸಾಮಾನ್ಯ ಪರದೆ ಅಥವಾ ಪ್ರೊಜೆಕ್ಟರ್ ಜೊತೆಗೊಂದು ಡಾಕ್ಯುಮೆಂಟ್ ಕ್ಯಾಮೆರಾ ಇಟ್ಟರೆ ಶಿಕ್ಷಕರು ಅದನ್ನು ದಿನವೂ ಬಳಸುತ್ತಾರೆ. ಬಾಗುವ ಕತ್ತಿನ ಆ ಪುಟ್ಟ ಕ್ಯಾಮೆರಾದ ಕೆಳಗೆ ಮಗುವಿನ ನೋಟ್‌ಬುಕ್ ಇಟ್ಟರೆ ಇಡೀ ತರಗತಿ ಆ ಲೆಕ್ಕವನ್ನು ನೋಡುತ್ತದೆ. ಎಲೆ, ನಾಣ್ಯ, ಭೂಪಟ, ಕೈಬರಹ ಏನನ್ನಾದರೂ ಇಡಬಹುದು, ಯಾವ ತರಬೇತಿಯೂ ಬೇಡ. ಈ ಪಟ್ಟಿಯಲ್ಲಿ ನಾನು ಮೊದಲು ಕೊಳ್ಳುವ ಉಪಕರಣ ಇದೇ.

ಪರದೆಯ ಅಳತೆಗೆ ಸರಳ ಸೂತ್ರವಿದೆ: ಕೊನೆಯ ಬೆಂಚು ಪರದೆಯ ಎತ್ತರದ ಆರು ಪಟ್ಟಿಗಿಂತ ದೂರ ಇರಬಾರದು. ಮೂಲೆಯಿಂದ ಮೂಲೆಗೆ 65 ಇಂಚು ಇರುವ ಪರದೆಯ ಎತ್ತರ ಸುಮಾರು 81 ಸೆಂಟಿಮೀಟರ್, ಅಂದರೆ ಐದು ಮೀಟರಿಗಿಂತ ಸ್ವಲ್ಪ ಕಡಿಮೆ ದೂರದವರೆಗೆ ಸಾಕು. 75 ಇಂಚಿಗೆ ಸುಮಾರು ಐದೂವರೆ ಮೀಟರ್, 86 ಇಂಚಿಗೆ ಸುಮಾರು 6.4 ಮೀಟರ್. ಟೇಪ್ ಹಿಡಿದು ಪ್ರತಿ ಕೋಣೆಯನ್ನೂ ಅಳೆಯಿರಿ. ಪ್ರೊಜೆಕ್ಟರ್ ಕೊಳ್ಳುವುದಾದರೆ ಮಧ್ಯಾಹ್ನದ ಬಿಸಿಲು ಬೀಳುವ ಹೊತ್ತಿನಲ್ಲಿ ಕಿಟಕಿ ತೆರೆದೇ ತೋರಿಸಲು ಹೇಳಿ. ಕತ್ತಲ ಕೋಣೆಯಲ್ಲಿ ಎಲ್ಲ ಪ್ರೊಜೆಕ್ಟರ್‌ಗಳೂ ಸುಂದರಿಯರೇ. ಹಳೆಯ ಬಗೆಯ ದೀಪ ಕೆಲವು ಸಾವಿರ ಗಂಟೆಗಳಿಗೆ ಮಂಕಾಗುತ್ತದೆ, ಹೊಸ ದೀಪಕ್ಕೆ ಮತ್ತೆ ಹಣ ಬೇಕು. ಲೇಸರ್ ಪ್ರೊಜೆಕ್ಟರ್ ಸುಮಾರು 20,000 ಗಂಟೆ ಬಾಳುತ್ತದೆ. ಬರುವ ವರ್ಷದ ಹಣದ ಬಗ್ಗೆ ಭರವಸೆಯಿಲ್ಲದ ನಿಮ್ಮಂಥ ಶಾಲೆಗೆ ಲೇಸರೇ ಸೂಕ್ತ.

ಈಗ ಯಾರೂ ಮಾತಾಡಲು ಇಷ್ಟಪಡದ ವಿಷಯ, ಗೋಡೆಯೊಳಗಿನ ತಂತಿ. ಯಂತ್ರಗಳಿಗೆ ಕೈಬಿಚ್ಚಿ ಕೊಟ್ಟು ವೈರಿಂಗ್‌ಗೆ ಬಂದಾಗ ಜಿಪುಣರಾಗುವುದು ಆನೆ ಕೊಂಡು ಅಂಕುಶಕ್ಕೆ ಚೌಕಾಸಿ ಮಾಡಿದ ಹಾಗೆ. 45 ವಾಟಿನ 30 ಚಾರ್ಜರ್‌ಗಳು ಒಟ್ಟಿಗೆ ಎಳೆದರೆ 1,350 ವಾಟ್. ಅದೇ ವಿದ್ಯುತ್ ಸಾಲಿನಲ್ಲಿ ಪ್ರೊಜೆಕ್ಟರ್ ಮತ್ತು ಫ್ಯಾನುಗಳಿದ್ದರೆ ಹಳೆಯ ಕಟ್ಟಡದಲ್ಲಿ ಏನಾಗುತ್ತದೆ ಎಂದು ಎಲೆಕ್ಟ್ರಿಷಿಯನ್ ಹೇಳಬಲ್ಲ. ಚಾರ್ಜಿಂಗ್ ಕಪಾಟು ಇಡುವ ಜಾಗಕ್ಕೆ ಪ್ರತ್ಯೇಕ ಸಾಲು ಎಳೆಸಿ, ಅರ್ಥಿಂಗ್ ಪರೀಕ್ಷೆ ಮಾಡಿಸಿ. ಎಲ್ಲವನ್ನೂ ಏಕಕಾಲಕ್ಕೆ ಚಾರ್ಜ್ ಮಾಡದೆ ಸರದಿಯಲ್ಲಿ ಮಾಡುವ ಕಪಾಟು ಸಿಕ್ಕರೆ ಅದನ್ನೇ ಆರಿಸಿ. ಎಕ್ಸ್‌ಟೆನ್ಷನ್ ಬಾಕ್ಸಿಗೆ ಇನ್ನೊಂದು ಎಕ್ಸ್‌ಟೆನ್ಷನ್ ಬಾಕ್ಸ್ ಸಿಕ್ಕಿಸಿ ಮಕ್ಕಳ ಕಾಲಡಿ ಹಾಯಿಸುವುದಾದರೆ ಏನನ್ನೂ ಕೊಳ್ಳದಿರುವುದೇ ಮೇಲು.

ವೈಫೈ ವಿಷಯದಲ್ಲೂ ಅಷ್ಟೇ. ಮನೆಗೆಂದು ಮಾಡಿದ ಒಂದು ರೂಟರನ್ನು ಕಚೇರಿಯಲ್ಲಿಟ್ಟು ಐದು ಕೋಣೆಗಳಿಗೆ ಹಂಚಬಹುದು ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ವೈಫೈ ಬಳಸುವ 2.4 ಗಿಗಾಹರ್ಟ್ಸ್ ತರಂಗಪಟ್ಟಿಯಲ್ಲಿ ಒಂದಕ್ಕೊಂದು ಅಡ್ಡಬಾರದ ಚಾನೆಲ್‌ಗಳು ಮೂರೇ ಮೂರು. 30 ಯಂತ್ರಗಳು ಅಲ್ಲಿ ಮುಗಿಬಿದ್ದರೆ ಎಲ್ಲವೂ ತೆವಳುತ್ತವೆ. ಯಂತ್ರಗಳ ಸೆಟ್ ಬಳಸುವ ಕೋಣೆಯಲ್ಲಿ 5 ಗಿಗಾಹರ್ಟ್ಸ್ ಇರುವ ಆಕ್ಸೆಸ್ ಪಾಯಿಂಟ್ (ವೈಫೈ ಹರಡುವ ಪೆಟ್ಟಿಗೆ) ಬೇಕು, ಅದಕ್ಕೆ ಕೇಬಲ್ ಎಳೆಯಬೇಕು. ತಾಮ್ರದ ನೆಟ್‌ವರ್ಕ್ ಕೇಬಲ್ ಒಂದೇ ಓಟದಲ್ಲಿ 100 ಮೀಟರ್ ದಾಟುವಂತಿಲ್ಲ, ಆದ್ದರಿಂದ ಈ ಕೇಬಲ್‌ಗಳೆಲ್ಲ ಬಂದು ಸೇರುವ ನೆಟ್‌ವರ್ಕ್ ಸ್ವಿಚ್ ಎಲ್ಲಿ ಕೂರಬೇಕೆಂದು ನಕ್ಷೆ ಬರೆಸಿ. ಗೋಡೆ ಕೊರೆಯುವ ದಿನವೇ ಪ್ರತಿ ಕೋಣೆಗೂ ಎರಡೆರಡು ಕೇಬಲ್ ಎಳೆಸಿಬಿಡಿ. ಹದಿನೈದು ವರ್ಷದಲ್ಲಿ ಯಂತ್ರಗಳು ಮೂರು ಬಾರಿ ಬದಲಾದರೂ ಆ ಕೇಬಲ್ ಅಲ್ಲೇ ಇರುತ್ತದೆ.

ಇಂಟರ್‌ನೆಟ್ ವೇಗ ಎಷ್ಟು ಬೇಕು ಎಂಬುದಕ್ಕೆ ಬಾಯಿಲೆಕ್ಕ ಸಾಕು: ಒಂದು ವಿಡಿಯೋಗೆ 3 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್) ಎಂದರೆ 30 ಮಕ್ಕಳಿಗೆ 90. ಅಷ್ಟು ಸಿಗದಿದ್ದರೆ ಕೊಲಿಬ್ರಿಯಂಥ ಉಚಿತ ವ್ಯವಸ್ಥೆಯಿದೆ. ವಿಡಿಯೋ ಮತ್ತು ಅಭ್ಯಾಸಗಳನ್ನು ಒಂದು ಕಂಪ್ಯೂಟರಿಗೆ ಒಮ್ಮೆ ಇಳಿಸಿಕೊಂಡರೆ ಹೊರಗಿನ ಸಂಪರ್ಕವಿಲ್ಲದೆ ಶಾಲೆಯೊಳಗಿನ ಎಲ್ಲ ಯಂತ್ರಗಳಿಗೂ ಅದು ಬಡಿಸುತ್ತದೆ.

ಯಂತ್ರಗಳ ಆಯ್ಕೆಯಲ್ಲಿ ನಾನು ಮೊದಲು ನೋಡುವುದು ಅದು ಸಾಯುವ ತಾರೀಖನ್ನು. ಭದ್ರತಾ ಅಪ್‌ಡೇಟ್ ನಿಂತ ಯಂತ್ರವನ್ನು ಮಕ್ಕಳ ಕೈಗೆ ಕೊಟ್ಟು ಇಂಟರ್‌ನೆಟ್‌ಗೆ ಬಿಡುವಂತಿಲ್ಲ. ಗೂಗಲ್‌ನ ಕ್ರೋಮ್ ಓಎಸ್ ಮೇಲೆ ನಡೆಯುವ ಲ್ಯಾಪ್‌ಟಾಪ್‌ಗಳಾದ ಕ್ರೋಮ್‌ಬುಕ್‌ಗಳಿಗೆ ಹತ್ತು ವರ್ಷ ಅಪ್‌ಡೇಟ್ ಕೊಡುವುದಾಗಿ ಗೂಗಲ್ 2023ರಲ್ಲಿ ಪ್ರಕಟಿಸಿತು. ಆದರೆ ಆ ಹತ್ತು ವರ್ಷ ಎಣಿಕೆಯಾಗುವುದು ಆ ಮಾದರಿಯ ಮೂಲ ವಿನ್ಯಾಸ ಬಿಡುಗಡೆಯಾದ ದಿನದಿಂದ, ನೀವು ಕೊಂಡ ದಿನದಿಂದಲ್ಲ. ‘ವಿಶೇಷ ರಿಯಾಯಿತಿ’ಯ ಹಳೆಯ ದಾಸ್ತಾನಿನಲ್ಲಿ ಆರು ವರ್ಷ ಆಗಲೇ ಕಳೆದುಹೋಗಿರಬಹುದು. ಅಗ್ಗದ ಆಂಡ್ರಾಯ್ಡ್ ಟ್ಯಾಬ್‌ಗಳಲ್ಲಿ ಈ ತೊಂದರೆ ಇನ್ನೂ ಹೆಚ್ಚು. ಎಷ್ಟು ವರ್ಷ ಅಪ್‌ಡೇಟ್ ಎಂದು ಬರಹದಲ್ಲಿ ಕೊಡಲಾಗದವರನ್ನು ಪಟ್ಟಿಯಿಂದ ತೆಗೆದುಬಿಡಿ. ವಿಂಡೋಸ್ ಲ್ಯಾಪ್‌ಟಾಪ್ ಆದರೆ 32 ಜಿಬಿ ಸಂಗ್ರಹದ ಮಾದರಿಗಳ ಹತ್ತಿರವೂ ಸುಳಿಯಬೇಡಿ, ಒಂದು ದೊಡ್ಡ ಅಪ್‌ಡೇಟ್ ಬಂದರೆ ಅದಕ್ಕೇ ಜಾಗ ಸಾಲುವುದಿಲ್ಲ. 8 ಜಿಬಿ ರ‍್ಯಾಮ್, 128 ಜಿಬಿಯ ವೇಗದ ಸಂಗ್ರಹ ಅಂದರೆ ಎಸ್‌ಎಸ್‌ಡಿ ಕೇಳಿ. ಪ್ರೊಸೆಸರ್‌ನ ಹೆಸರಿಗೆ ಅಷ್ಟೇನೂ ತಲೆ ಕೆಡಿಸಿಕೊಳ್ಳಬೇಕಿಲ್ಲ. ಬ್ಯಾಟರಿ ಬದಲಿಸಲು ಬರುತ್ತದೆಯೇ ಎಂಬುದು ಅದಕ್ಕಿಂತ ದೊಡ್ಡ ಪ್ರಶ್ನೆ, ಏಕೆಂದರೆ ಮೂರ್ನಾಲ್ಕು ವರ್ಷಕ್ಕೆ ಮೊದಲು ಸೊರಗುವುದು ಅದೇ. ರಜೆಗೆ ಮುಂಚೆ ಯಂತ್ರಗಳನ್ನು ಅರ್ಧ ಚಾರ್ಜ್ ಮಾಡಿ ಆಫ್ ಮಾಡಿಡಬೇಕು. ಪೂರ್ತಿ ಖಾಲಿಯಾದ ಬ್ಯಾಟರಿಯನ್ನು ಎರಡು ತಿಂಗಳು ಬಿಟ್ಟರೆ ಮತ್ತೆ ಎದ್ದೇಳುತ್ತದೆಂಬ ಖಾತರಿಯಿಲ್ಲ.

ಮೂರು ದರಪಟ್ಟಿ ತರಿಸಿ ಕಡಿಮೆ ಮೊತ್ತದವರಿಗೆ ಕೊಡುವ ಪದ್ಧತಿಯಲ್ಲಿ ಒಂದು ಬಲೆಯಿದೆ. ‘14 ಇಂಚಿನ ಲ್ಯಾಪ್‌ಟಾಪ್, 30’ ಎಂದಷ್ಟೇ ಬರೆದರೆ ಮೂವರೂ ಮೂರು ಬೇರೆ ವಸ್ತುಗಳಿಗೆ ಬೆಲೆ ಬರೆದಿರುತ್ತಾರೆ. ಮಾದರಿ ಸಂಖ್ಯೆ, ಅಪ್‌ಡೇಟ್ ಕೊನೆಯಾಗುವ ವರ್ಷ, ವಾರಂಟಿ ಶುರುವಾಗುವುದು ಬಿಲ್ ದಿನದಿಂದಲೋ ಅಳವಡಿಸಿದ ದಿನದಿಂದಲೋ, ಕೆಟ್ಟಾಗ ಅವರು ಶಾಲೆಗೆ ಬರುತ್ತಾರೋ ನೀವು ಹೊತ್ತೊಯ್ಯಬೇಕೋ, ಕೆಳಗೆ ಬಿದ್ದು ಒಡೆದರೆ ವಾರಂಟಿ ಒಳಗೊಳ್ಳುತ್ತದೆಯೇ, ಇಷ್ಟಕ್ಕೂ ಉತ್ತರ ಬರೆಯಲೇಬೇಕಾದ ಒಂದೇ ನಮೂನೆಯನ್ನು ಎಲ್ಲರಿಗೂ ಕೊಡಿ. ಮಾದರಿ ಯಂತ್ರವೊಂದನ್ನು ಎರಡು ವಾರ ಕೇಳಿ ಪಡೆದು ಅತ್ಯಂತ ಗಲಾಟೆಯ ತರಗತಿಗೆ ಕೊಡಿ. ಮಕ್ಕಳಿಗಿಂತ ಕಟುವಾದ ಪರೀಕ್ಷಕರು ಸಿಗುವುದಿಲ್ಲ. ಒಟ್ಟು ಮೊತ್ತದ ಒಂದಿಷ್ಟು ಭಾಗವನ್ನು ಎಲ್ಲವೂ ಒಂದು ತಿಂಗಳು ಸರಿಯಾಗಿ ನಡೆದ ಮೇಲೆ ಕೊಡುವ ಷರತ್ತು ಇರಲಿ.

ಸಣ್ಣಪುಟ್ಟವನ್ನೂ ಹೇಳಿಬಿಡುತ್ತೇನೆ. ಹೆಡ್‌ಫೋನ್ ಕಿವಿಯ ಮೇಲೆ ಕೂರುವಂಥದ್ದು, ತಂತಿಯಿರುವಂಥದ್ದು, ಶಬ್ದ 85 ಡೆಸಿಬಲ್ ಮೀರದಂತೆ ಮಿತಿಯಿರುವಂಥದ್ದು ಇರಲಿ. ಕೊಳ್ಳುವ ಟ್ಯಾಬ್‌ಗೆ ಅದರ ಪಿನ್ ಕೂರುವ ತೂತು ಇದೆಯೇ ಎಂದು ನೋಡಿಕೊಳ್ಳಿ, ಎಷ್ಟೋ ಹೊಸ ಟ್ಯಾಬ್‌ಗಳಲ್ಲಿ ಇಲ್ಲ. ಮಕ್ಕಳು ತಂತಿಯನ್ನು ಅಡ್ಡಡ್ಡ ಎಳೆದಾಗ ಪಿನ್ನಿನ ತುದಿ ಮುರಿದು ಒಳಗೇ ಉಳಿಯುತ್ತದೆ, ಆಮೇಲೆ ಆ ಯಂತ್ರಕ್ಕೆ ಧ್ವನಿಯೇ ಇಲ್ಲ. ಪ್ರತಿ ಯಂತ್ರಕ್ಕೂ ಗೇಣುದ್ದದ ಅಗ್ಗದ ಜೋಡಣೆ ತಂತಿಯೊಂದನ್ನು ಸಿಕ್ಕಿಸಿ ಟೇಪ್ ಸುತ್ತಿಬಿಡಿ. ಹೆಡ್‌ಫೋನ್ ಹಾಕುವುದು ತೆಗೆಯುವುದು ಅದಕ್ಕೆ. ಮುರಿದರೆ ಅದು ಮುರಿಯಲಿ. ಯಂತ್ರದ ಮೇಲೆ ದೊಡ್ಡ ಅಂಕಿ ಬರೆಸಿ, ಹಾಜರಿ ಪುಸ್ತಕದ 7ನೇ ಮಗುವಿಗೆ ಯಾವಾಗಲೂ 7ನೇ ಯಂತ್ರ. ಹಂಚುವ ಗದ್ದಲ ಅರ್ಧಕ್ಕಿಳಿಯುತ್ತದೆ, ಏನು ಯಾವಾಗ ಕೆಟ್ಟಿತೆಂಬುದೂ ಗೊತ್ತಾಗುತ್ತದೆ. 30 ಬೇಕಾದರೆ 32 ಕೊಳ್ಳಿ, ಚಾರ್ಜರ್ ಇನ್ನೂ ಎರಡು ಹೆಚ್ಚಿಗೆ.

ಖಾತೆಗಳೆಲ್ಲ ಶಾಲೆಯ ಹೆಸರಿನಲ್ಲೇ ಇರಬೇಕು. ಉತ್ಸಾಹಿ ಶಿಕ್ಷಕರೊಬ್ಬರ ಸ್ವಂತ ಇಮೇಲ್‌ನಲ್ಲಿ ಎಲ್ಲ ಟ್ಯಾಬ್‌ಗಳನ್ನೂ ನೋಂದಾಯಿಸಿ, ಅವರು ವರ್ಗವಾಗಿ ಹೋದ ಮೇಲೆ ಕಪಾಟು ತುಂಬ ಬೀಗ ಬಿದ್ದ ಟ್ಯಾಬ್‌ಗಳು ಉಳಿದ ಶಾಲೆಗೆ ನಾನು ಹೋಗಿದ್ದೇನೆ. ಯಾರು ನೋಡಿಕೊಳ್ಳುತ್ತಾರೆ ಎಂಬುದಕ್ಕೂ ಹೆಸರು ಬರೆದಿಡಿ, ಅವರ ಪಾಠದ ಹೊರೆಯಲ್ಲಿ ವಾರಕ್ಕೆರಡು ಪೀರಿಯಡ್ ಇಳಿಸಿ. ‘ಎಲ್ಲರೂ ಸೇರಿ ನೋಡಿಕೊಳ್ಳುತ್ತೇವೆ’ ಎಂದರೆ ಯಾರೂ ನೋಡಿಕೊಳ್ಳುವುದಿಲ್ಲ.

ನಿಮ್ಮ ಮೂರು ತಿಂಗಳ ಗಡುವಿಗೆ ಬರುತ್ತೇನೆ. ಮೊದಲು ದಾನಿಗಳನ್ನೇ ಕೇಳಿ: ಎರಡು ಕಂತಿನಲ್ಲಿ ಖರ್ಚು ಮಾಡಬಹುದೇ? ಕಾರಣ ವಿವರಿಸಿದರೆ ಬಹಳಷ್ಟು ಮಂದಿ ಒಪ್ಪುತ್ತಾರೆ. ಒಪ್ಪದಿದ್ದರೆ ಈ ಮೂರು ತಿಂಗಳಲ್ಲಿ ವೈರಿಂಗ್, ನೆಟ್‌ವರ್ಕ್ ಕೇಬಲ್, ಬೀಗವಿರುವ ಚಾರ್ಜಿಂಗ್ ಕಪಾಟು, ಐದೂ ಕೋಣೆಗೆ ಪರದೆ ಮತ್ತು ಡಾಕ್ಯುಮೆಂಟ್ ಕ್ಯಾಮೆರಾ, ಶಿಕ್ಷಕರಿಗೆ ಲ್ಯಾಪ್‌ಟಾಪ್ ಇಷ್ಟನ್ನು ಮಾಡಿ ಮುಗಿಸಿ. ಶಿಕ್ಷಕರ ಕೈಗೆ ಮಕ್ಕಳಿಗಿಂತ ಒಂದು ಶಾಲಾ ಅವಧಿ (ಟರ್ಮ್) ಮೊದಲೇ ಯಂತ್ರ ಬಂದಿರಬೇಕು. ಜೊತೆಗೆ ಎಂಟು ಟ್ಯಾಬ್‌ಗಳು. ಮಕ್ಕಳ 32 ಲ್ಯಾಪ್‌ಟಾಪ್‌ಗಳನ್ನು ಗಡುವಿನ ಕೊನೆಯ ವಾರಗಳಿಗೆ ಇಟ್ಟುಕೊಳ್ಳಿ, ಉಳಿದ ಹಣದಲ್ಲಿ ವಾರಂಟಿ ವಿಸ್ತರಣೆಯನ್ನು ಮುಂಗಡವಾಗಿಯೇ ಕೊಂಡುಬಿಡಿ. ಅದು ಬಿಲ್ ಬರುವ ಖರ್ಚು, ಲೆಕ್ಕಕ್ಕೂ ತೊಂದರೆಯಿಲ್ಲ. ಒಟ್ಟು ಮೊತ್ತದಲ್ಲಿ ಮಕ್ಕಳ ಯಂತ್ರಗಳ ಪಾಲು ಅರ್ಧ ದಾಟಿದರೆ ಪಟ್ಟಿಯನ್ನು ಮತ್ತೊಮ್ಮೆ ನೋಡಿ, ಏನೋ ಬಿಟ್ಟುಹೋಗಿದೆ ಎಂದರ್ಥ.

ಆ ಹತ್ತು ಹಳೆಯ ಕಂಪ್ಯೂಟರ್‌ಗಳನ್ನು ಗುಜರಿಗೆ ಹಾಕುವ ಮುನ್ನ ತೆರೆದು ನೋಡಿಸಿ. ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇಲ್ಲದ ಹಳೆಯ ಯಂತ್ರಗಳು ವಿಂಡೋಸ್ 11ರ ಅರ್ಹತೆಗೆ ಬರುವುದಿಲ್ಲ. ಆದರೆ 4 ಜಿಬಿ ರ‍್ಯಾಮ್ ಇದ್ದು ಎಸ್‌ಎಸ್‌ಡಿ ಹಾಕಿಸಿದರೆ ಲಿನಕ್ಸ್ ಎಂಬ ಉಚಿತ ಕಾರ್ಯಾಚರಣಾ ವ್ಯವಸ್ಥೆಯಲ್ಲಿ ಅವು ಇನ್ನೂ ಕೆಲವು ವರ್ಷ ದುಡಿಯುತ್ತವೆ. ಜಿಕಾಂಪ್ರಿ, ಟಕ್ಸ್ ಪೇಂಟ್ ಓಡಿಸಲು ಅಷ್ಟು ಸಾಕು. ಇದ್ದುದರಲ್ಲಿ ಗಟ್ಟಿಯಾದ ಒಂದನ್ನು ಕೊಲಿಬ್ರಿಗೆ ಮೀಸಲಿಡಿ. ಏಳದವುಗಳ ಹಾರ್ಡ್ ಡಿಸ್ಕ್ ಬಿಚ್ಚಿಟ್ಟುಕೊಂಡು, ಅದರಲ್ಲಿರುವ ಮಕ್ಕಳ ಹೆಸರು, ವಿಳಾಸ, ಅಂಕಪಟ್ಟಿಗಳನ್ನು ಪೂರ್ತಿ ಅಳಿಸಿದ ಮೇಲೆಯೇ ಅಧಿಕೃತ ಇ-ತ್ಯಾಜ್ಯ ಸಂಗ್ರಾಹಕರಿಗೆ ಕೊಡಿ, ರಸೀದಿಯನ್ನು ದಾಸ್ತಾನು ಪುಸ್ತಕಕ್ಕೆ ಅಂಟಿಸಿ.